ಮುಖಕ್ಕೆ ಕಟ್ಟಿಕೊಂಡ ಗೋಡೌನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಳೆ ಬೇರೆ ಯಾರೋ ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹಚ್ಚಿ ಹೇಳುವುದು ವಾಸಿ. ಹೋದ ತಿಂಗಳು ಒಂದು ಮಂಗಳವಾರ, ಹಾಡಹಗಲು ಹನ್ನೊಂದು ಗಂಟೆಗೆ, ನಮ್ಮ ಟ್ರೇನಿಂಗ್ ನೋಡಿಕೊಳ್ಳುವ ಸೋಮಶೇಖರ್ ಸಾರ್ ಅವರ ಮಿಮಿಕ್ರಿಯನ್ನು ಸೋಮಶೇಖರ್ ಸಾರ್ ಅವರ ಎದುರಿಗೇ ಮಾಡಿದೆ. ಎದುರಿಗೆ ಅಂದರೆ ಅವರ ಹೊಟ್ಟೆಯಿಂದ ಒಂದೂವರೆ ಅಡಿ. ಮಾಡಿದ್ದು ಪೂರ್ತಿ ನಾಲ್ಕು ನಿಮಿಷ. ಅವರು ಮಾತಿಗೆ ಮೊದಲು ಮೂಗಿನಲ್ಲಿ ಉಸಿರೆಳೆಯುವುದು, ಪೆನ್ನಿನ ತಲೆಯನ್ನು ಟಿಕ್ ಟಿಕ್ ಒತ್ತುವುದು, ಪ್ರತಿ ವಾಕ್ಯದ ಬಾಲಕ್ಕೆ ‘ಅರ್ಥ ಆಯ್ತಾ, ಅರ್ಥ ಆಗ್ಲಿಲ್ವಾ, ಎರಡ್ರಲ್ಲಿ ಒಂದು ಹೇಳಿ’ ಎಂದು ಗಂಟು ಹಾಕುವುದು, ಯಾವುದನ್ನೂ ಬಿಡಲಿಲ್ಲ. ಪ್ಯಾಂಟು ಮೇಲಕ್ಕೆಳೆದುಕೊಳ್ಳುವುದನ್ನಂತೂ ಎರಡು ಸಲ ಮಾಡಿದೆ, ಒನ್ಸ್ ಮೋರ್ ಬಂದಿತ್ತು.

ಅಬ್ಬಾ, ಏನು ಧೈರ್ಯ ಎನ್ನಬೇಡಿ. ಅವರು ಅಲ್ಲಿದ್ದದ್ದು ನನಗೆ ಕಾಣುತ್ತಿರಲಿಲ್ಲ. ನನ್ನ ಮುಖಕ್ಕೆ ಆಗ ತಾನೇ ಡಬ್ಬ ಒಡೆದು ತೆಗೆದ, ಇಲ್ಲದ ಜಾಗವನ್ನು ಕಣ್ಣೆದುರು ತೋರಿಸುವ ಹೊಸ ವಿ.ಆರ್. ಹೆಡ್‌ಸೆಟ್ ಕಟ್ಟಿತ್ತು. ಎಡಕ್ಕೆ ಬಲಕ್ಕೆ ಎಲ್ಲ ಅಗಲವಾಗಿ ಕಾಣುವ ಕನ್ನಡಕ ಎಂದು ಅದರ ಖ್ಯಾತಿ. ನಿಜವೇ, ಎಲ್ಲ ಅಗಲವಾಗಿ ಕಾಣುತ್ತದೆ. ಮುಂದೆ ನಿಂತಿರುವ ನಿಮ್ಮ ಸಾರ್ ಒಬ್ಬರನ್ನು ಬಿಟ್ಟು.

ನಾನು ಯಾರು ಎಂದು ಹೇಳಬೇಕಲ್ಲ. ಹೆಸರು ನವೀನ. ಆದರೆ ದಾಬಸ್‌ಪೇಟೆಯಲ್ಲಿ ಇಳಿದು ನವೀನ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ‘ಟೇಪು’ ಎಂದು ಕೇಳಬೇಕು. ಒಮ್ಮೆ ಕಿವಿಗೆ ಬಿದ್ದ ದನಿ ನನ್ನ ಬಾಯಿಂದ ಹಾಗೇ ಹೊರಗೆ ಬರುತ್ತದೆ. ಚಿಕ್ಕವನಿದ್ದಾಗ ಕುಕ್ಕರ್ ಕೂಗುವುದನ್ನು ಕಲಿತಿದ್ದೆ. ಅಡಿಗೆಮನೆಯ ಕಿಟಕಿಯ ಕೆಳಗೆ ಕೂತು ಮೂರು ಸಲ ಕೂಗಿದ್ದಕ್ಕೆ ಅಮ್ಮ ಸ್ಟವ್ ಆರಿಸಿ, ಮನೆಮಂದಿಯೆಲ್ಲ ಬೇಯದ ಅವರೆಕಾಳಿನ ಸಾರು ಉಂಡರು. ಅಪ್ಪ ಒಂದು ಕಾಳನ್ನು ಕಟುಮ್ ಎಂದು ಕಡಿದು ಅಮ್ಮನ ಮುಖ ನೋಡಿದ ನೋಟವನ್ನೂ ನಾನು ಮಾಡಬಲ್ಲೆ. ಆದರೆ ಅದರಲ್ಲಿ ದನಿಯಿಲ್ಲ, ಬರೆದು ತೋರಿಸುವುದು ಕಷ್ಟ.

ಈಗ ನನ್ನ ಕೆಲಸ ಹೈವೇ ಪಕ್ಕದ ಒಂದು ಗೋಡೌನಿನಲ್ಲಿ. ಗೇಟಿನ ಮೇಲೆ ಏನೋ ಉದ್ದನೆಯ ಹೆಸರಿದೆ. ನಮಗೆ, ಬಸ್ಸಿನವರಿಗೆ, ಟೀ ಅಂಗಡಿಯವರಿಗೆ ಅದು ಗೋಡೌನೇ. ಬೆಂಗಳೂರಿನವರು ಹಾಸಿಗೆಯ ಮೇಲೆ ಬಿದ್ದುಕೊಂಡು ಮೊಬೈಲಿನಲ್ಲಿ ಒತ್ತುವ ಮಿಕ್ಸಿ, ಫ್ಯಾನು, ಮಕ್ಕಳ ಡಯಾಪರು ಎಲ್ಲ ನಮ್ಮ ಕೈ ದಾಟಿಯೇ ಹೋಗಬೇಕು. ಮುಂದೆ ಎರಡು ಕಬ್ಬಿಣದ ನಾಲಿಗೆಯಿರುವ ಕೈಗಾಡಿಯೊಂದಿದೆ. ಅದನ್ನು ಮರದ ಹಲಗೆಯ ಕೆಳಗೆ ತೂರಿಸಿ, ಮೇಲಿರುವ ಸರಕಿನ ಸಮೇತ ಎಳೆದುಕೊಂಡು ಓಡಾಡುವುದು ನನ್ನ ಉದ್ಯೋಗ. ಎರಡು ವರ್ಷದಿಂದ ಎಳೆಯುತ್ತಿದ್ದೇನೆ. ಕಂಪನಿ ಕೊಟ್ಟ ಬೂಟು ಎರಡು ಜೊತೆ ಸವೆದಿದೆ.

ಅಂಥ ಗೋಡೌನಿನಲ್ಲಿ ಒಂದು ಸಿಂಹಾಸನವಿತ್ತು, ಫೋರ್ಕ್‌ಲಿಫ್ಟಿನ ಸೀಟು. ನಾನು ಎಳೆಯುವುದನ್ನೇ ಅದು ಎತ್ತುತ್ತದೆ, ಅದೂ ಮೂರಾಳೆತ್ತರಕ್ಕೆ. ಓಡಿಸುವವನು ಕೂತಿರುತ್ತಾನೆ. ಕೂತಿರುತ್ತಾನೆ ಎಂಬುದನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ಇದ್ದ ಡ್ರೈವರು ಸ್ವಂತ ಗಾಡಿ ಮಾಡಿಕೊಂಡು ತುಮಕೂರಿನ ಕಡೆ ಹೋದ ಮೇಲೆ ಆ ಸೀಟು ಖಾಲಿಯಾಯಿತು. ಹೊರಗಿನವರನ್ನು ತರುವ ಬದಲು ಇರುವವರಿಗೇ ಕಲಿಸೋಣ ಎಂದು ಕಂಪನಿ ತೀರ್ಮಾನಿಸಿತು. ಆದರೆ ನಿಜವಾದ ಗಾಡಿಯನ್ನು ನಮ್ಮ ಕೈಗೆ ಕೊಟ್ಟರೆ ಮಿಕ್ಸಿಗಳೆಲ್ಲ ಚಟ್ನಿಯಾದಾವು ಎಂಬ ಭಯ. ಹಾಗಾಗಿ ಮೊದಲು ವಿ.ಆರ್.ನಲ್ಲಿ ಓಡಿಸಬೇಕು, ಅದರಲ್ಲಿ ಹೆಚ್ಚು ಅಂಕ ಬಂದವರು ಗಾಡಿ ಹತ್ತಬೇಕು.

ಆರು ಜನ ಹೆಸರು ಕೊಟ್ಟೆವು. ಆಗ ಇದ್ದದ್ದು ಹಳೆಯ ಹೆಡ್‌ಸೆಟ್. ನಾಲ್ವರಿಗೆ ಅದನ್ನು ಹಾಕಿಕೊಂಡ ಐದೇ ನಿಮಿಷಕ್ಕೆ ತಲೆ ಸುತ್ತಿ, ಬೆಳಿಗ್ಗೆ ತಿಂದ ಚಿತ್ರಾನ್ನಕ್ಕೂ ಅವರಿಗೂ ಜಗಳವಾಗಿ, ನಮಗೆ ಕೈಗಾಡಿಯೇ ಸಾಕು ಎಂದು ಕೈಮುಗಿದರು. ಉಳಿದವರು ಇಬ್ಬರು, ನಾನು ಮತ್ತು ಜಯಕ್ಕ.

ಜಯಕ್ಕ ಪ್ಯಾಕಿಂಗ್ ವಿಭಾಗದವಳು. ಅರಿಶಿನಕುಂಟೆಯ ಕಡೆಯಿಂದ ಕಂಪನಿಯ ವ್ಯಾನಿನಲ್ಲಿ ಬರುತ್ತಾಳೆ. ವಯಸ್ಸು ನಲವತ್ತರ ಮೇಲೆ. ಎಷ್ಟು ಮೇಲೆ ಎಂದು ಕೇಳಿದವರಿಗೆ ‘ನಿಮ್ಮವ್ವನಿಗಿಂತ ಚಿಕ್ಕೋಳು’ ಎನ್ನುತ್ತಾಳೆ. ದಿನವಿಡೀ ಮೇಜಿನ ಮುಂದೆ ನಿಂತು ಡಬ್ಬಕ್ಕೆ ಟೇಪು ಅಂಟಿಸುವ ಕೆಲಸ. ಮಂಡಿನೋವು. ‘ಮೆಟ್ಲು ಹತ್ತಿದ್ರೆ ಮಂಡಿ ರಾಗಿಕಲ್ಲಿನ ಥರ ಸದ್ದು ಮಾಡ್ತದೆ ಕಣ್ಲಾ’ ಎಂದು ಒಮ್ಮೆ ಹೇಳಿದಾಗ, ನಾನು ಆ ಸದ್ದನ್ನೂ ಮಾಡಿ ತೋರಿಸಿದ್ದೆ. ನನಗೆ ಆ ಸೀಟು ಬೇಕಾಗಿದ್ದದ್ದು ಗತ್ತಿಗೆ. ಫೋರ್ಕ್‌ಲಿಫ್ಟ್ ಮೇಲೆ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುವ ಫೋಟೋ ಸ್ಟೇಟಸ್ಸಿಗೆ ಹಾಕುವುದಿತ್ತು. ಅವಳಿಗೆ ಬೇಕಾಗಿದ್ದದ್ದು ಕೂರುವುದಕ್ಕೆ. ಈ ವ್ಯತ್ಯಾಸ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಬೇಕಿತ್ತು, ಏನು ಮಾಡಲಿ.

ಇನ್ನು ಹಳೆಯ ಹೆಡ್‌ಸೆಟ್ ಹೇಗಿತ್ತು ಎಂದು ತಿಳಿಯಬೇಕಾದರೆ ನೀವು ಪರಂಗಿ ಗಿಡದ ಹತ್ತಿರ ಹೋಗಬೇಕು. ಎಲೆಯ ದಂಟನ್ನು ಮುರಿದು, ಎರಡೂ ತುದಿ ಕತ್ತರಿಸಿ, ಕಣ್ಣಿಗೆ ಹಿಡಿದು ನೋಡಿ. ದೂರದ ತೆಂಗಿನ ಮರ ಕಾಣುತ್ತದೆ, ಮರದ ಕೆಳಗೆ ನಿಮಗಾಗಿ ದೊಣ್ಣೆ ಹಿಡಿದು ನಿಂತ ತೋಟದ ಯಜಮಾನ ಕಾಣುವುದಿಲ್ಲ. ಹಳೆಯ ಡಬ್ಬಿಯೂ ಹಾಗೇ. ಎದುರಿಗೆ ಒಂದು ಉರುಟು ಬೆಳಕು, ಸುತ್ತ ಕತ್ತಲೆ. ನಾನೂ ಜಯಕ್ಕನೂ ಅದರೊಳಗೆ ಎಡಗಡೆಯ ಕಪಾಟುಗಳನ್ನು ಎಷ್ಟು ಸಲ ಗುದ್ದಿದೆವೆಂದರೆ, ಸೋಮಶೇಖರ್ ಸಾರ್ ಮೇಲಿನವರಿಗೆ ಕಾಗದ ಬರೆದು, ‘ತಪ್ಪು ಇವರದ್ದಲ್ಲ, ಕನ್ನಡಕದ್ದು’ ಎಂದು ವಾದಿಸಿ ಹೊಸದನ್ನು ತರಿಸಿದರು. ಮನುಷ್ಯ ಒಳ್ಳೆಯವರು. ಒಳ್ಳೆಯವರ ಮಿಮಿಕ್ರಿ ಮಾಡುವುದು ಸುಲಭ, ಹೊಡೆಯುವುದಿಲ್ಲ.

ಪರಂಗಿ ದಂಟಿಗಿಂತಲೂ ನನಗೆ ನೆನಪಾಗುವುದು ಗೋಣಿಯ ಕೊಪ್ಪೆ. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತುರುಕಿದರೆ ತಲೆಯಿಂದ ಮಂಡಿಯವರೆಗೆ ಮುಚ್ಚುವ ಟೋಪಿಯಾಗುತ್ತದೆ. ನಮ್ಮೂರಿನಲ್ಲಿ ಸೋನೆ ಹಿಡಿದರೆ ಎಲ್ಲರಿಗೂ ಅದೇ ರೈನ್‌ಕೋಟು. ಒಳಗೆ ರಾಗಿಯ ಧೂಳಿನ ವಾಸನೆ, ಬೆಚ್ಚನೆಯ ಕತ್ತಲೆ. ಹೊರಗೆ ಏನಾಗುತ್ತಿದೆಯೋ ದೇವರೇ ಬಲ್ಲ. ಎದುರಿಗೆ ಎರಡು ಗೇಣು ದಾರಿ ಕಾಣುತ್ತದೆ, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕೊಪ್ಪೆ ಹಾಕಿಕೊಂಡು ಸ್ಕೂಲಿಂದ ಬರುತ್ತಾ, ದಾರಿಯುದ್ದಕ್ಕೂ ನಮ್ಮ ಹೆಡ್‌ಮಾಸ್ಟರ ಹಾಗೆ ಮಗ್ಗಿ ಹೇಳಿಸುತ್ತಾ ಬಂದೆ. ಅವರಿಗೆ ‘ಏಳು’ ಎನ್ನುವಾಗ ಒಂದು ಹಲ್ಲಿನ ಸಂದಿಯಿಂದ ಗಾಳಿ ಬರುತ್ತಿತ್ತು. ಏಳರ ಮಗ್ಗಿ ನನ್ನ ಪಾಲಿಗೆ ಹಬ್ಬದೂಟ. ಏಳೆಂಟಲ ಎಂದು ನಿಲ್ಲಿಸಿ ಉಸಿರೆಳೆದುಕೊಂಡಾಗ, ಪಕ್ಕದಿಂದ ಅದೇ ಹಲ್ಲಿನ ಸಂದಿಯ ಅದೇ ಗಾಳಿಯಲ್ಲಿ ‘ಐವತ್ತಾರು’ ಎಂದು ಬಂತು. ಹೆಡ್‌ಮಾಸ್ಟರು ಛತ್ರಿ ಹಿಡಿದು ಅರ್ಧ ಮೈಲಿಯಿಂದ ನನ್ನ ಜೊತೆಜೊತೆಯಾಗೇ ನಡೆದು ಬರುತ್ತಿದ್ದರು.

ಹೀಗೆ ಒಮ್ಮೆ ಬುದ್ಧಿ ಬಂದವನಿಗೆ ಮತ್ತೆ ಬುದ್ಧಿ ಬರಬೇಕಾಯಿತು ಎಂದರೆ, ಮೊದಲ ಸಲ ಬಂದದ್ದು ಬುದ್ಧಿಯಲ್ಲ ಎಂದೇ ಲೆಕ್ಕ.

ಮಂಗಳವಾರ ಹೊಸ ಡಬ್ಬ ಒಡೆದರು. ನೋಡುವುದಕ್ಕೆ ಏನೂ ಚಂದವಿಲ್ಲ. ಸುತ್ತಿಗೆಯ ತಲೆಯಂತೆ ಎರಡೂ ಕಡೆ ಚಾಚಿಕೊಂಡಿದೆ, ಹಿಂದಿನಿಂದ ಒಂದು ವಯರು ಕಂಪ್ಯೂಟರಿಗೆ ಹೋಗುತ್ತದೆ. ಹಾಕಿಕೊಂಡವನು ಗೂಟಕ್ಕೆ ಕಟ್ಟಿದ ಕರುವಿನಂತೆ ಕಾಣುತ್ತಾನೆ. ಕಣ್ಣಿಗೆ ಅಭ್ಯಾಸವಾಗಲಿ ಎಂದು ಸಾರ್ ಮೊದಲು ಗೋಡೌನನ್ನು ಹಾಕದೆ, ಅದರಲ್ಲೇ ಇದ್ದ ಒಂದು ಬೆಟ್ಟದ ತುದಿಯನ್ನು ಹಾಕಿದರು.

ಅಯ್ಯೋ ಗುರುವೇ, ಹೇಗೆ ಹೇಳಲಿ! ಶಿವಗಂಗೆಯ ಬೆಟ್ಟವನ್ನು ದಿನಾ ಬಸ್ಸಿನ ಕಿಟಕಿಯಿಂದ ನೋಡುವವನು ನಾನು. ಹತ್ತಿಯೂ ಇದ್ದೇನೆ, ಹತ್ತಿ ಏದುಸಿರು ಬಿಟ್ಟಿದ್ದೇನೆ. ಆದರೆ ಇಲ್ಲಿ ಒಂದೇ ಒಂದು ಮೆಟ್ಟಿಲು ಹತ್ತದೆ, ಟ್ರೇನಿಂಗ್ ರೂಮಿನ ಟೈಲ್ಸಿನ ಮೇಲೆ ನಿಂತವನು ಚಣದಲ್ಲಿ ಆಕಾಶಕ್ಕೆ ಅಂಟಿಕೊಂಡಿದ್ದೆ. ಕತ್ತಲೆಯ ಅಂಚೇ ಇಲ್ಲ. ಎಡಗಣ್ಣಿನ ಕಡೆಯ ತುದಿಯಲ್ಲಿ ಮೋಡ, ಬಲಗಣ್ಣಿನ ಕಡೆಯ ತುದಿಯಲ್ಲಿ ಹದ್ದು. ಹದ್ದು ನನ್ನನ್ನು ದಾಟಿ ಹಿಂದಕ್ಕೆ ಹೋಗುವುದು ಕಿವಿಯ ಪಕ್ಕದವರೆಗೂ ಕಂಡಿತು. ಕೆಳಗೆ ನೋಡಿದೆ, ನೋಡಬಾರದಿತ್ತು. ಪಾತಾಳ. ‘ಸಾರ್, ಕೈ ಹಿಡ್ಕೊಳಿ ಸಾರ್’ ಎಂದು ಕೂಗಿದೆ. ಸಾರ್ ಫೋನ್ ಬಂದು ಹೊರಗೆ ಹೋಗಿದ್ದರು. ಕೈ ಹಿಡಿದದ್ದು ಜಯಕ್ಕ. ಹಿಡಿದು, ‘ಏನ್ಲಾ ಟೇಪು, ನೆಲದ ಮೇಲೆ ನಿಂತ್ಕೊಂಡು ಯಾಕ್ಲಾ ಇಲಿ ಥರ ಬಡ್ಕೋತೀಯ?’ ಎಂದಳು. ಪಾತಾಳದ ಅಂಚಿನಲ್ಲಿ ನಿಂತವನಿಗೆ ಆ ದನಿ ದೇವಲೋಕದಿಂದ ಬಂದಂತೆ ಕೇಳಿಸಿತು. ದೇವಲೋಕದಲ್ಲೂ ನಮ್ಮನ್ನು ‘ಲಾ’ ಎಂದೇ ಕರೆಯುತ್ತಾರೆಂದು ಅವತ್ತು ಗೊತ್ತಾಯಿತು.

ಆಮೇಲೆ ಅವಳೇ ಗುಂಡಿ ಒತ್ತಿ ಗೋಡೌನು ಹಾಕಿದಳು. ನಮ್ಮದೇ ಗೋಡೌನಿನ ಹಾಗಿದೆ, ಆದರೆ ಗುಡಿಸಿದ ಗೋಡೌನು. ಮೂಲೆಯಲ್ಲಿ ಎಲೆಅಡಿಕೆಯ ಕಲೆಯಿಲ್ಲ, ಫ್ಯಾನಿನ ಮೇಲೆ ಪಾರಿವಾಳವಿಲ್ಲ. ಕಪಾಟುಗಳ ಸಾಲುಗಳು ಎರಡೂ ಕಡೆ ತೆರೆದುಕೊಂಡು, ನಾನು ನೋಡದೆಯೇ ನನ್ನ ಪಕ್ಕದಲ್ಲಿ ಇದ್ದವು. ಈ ‘ನೋಡದೆಯೇ ಇರುವುದು’ ಎಂಬುದು ಎಂಥ ಸುಖ ಎಂದು ಹಳೆಯ ಡಬ್ಬಿ ಹಾಕಿಕೊಂಡವರಿಗೇ ಗೊತ್ತು. ಖುಷಿಯಲ್ಲಿ ಒಂದು ಕಪಾಟಿಗೆ ಒರಗಿ ನಿಲ್ಲೋಣ ಎಂದು ಹೋದೆ. ಕಪಾಟು ಇದ್ದದ್ದು ಕಂಪ್ಯೂಟರಿನಲ್ಲಿ, ನಾನು ಬಿದ್ದದ್ದು ದಾಬಸ್‌ಪೇಟೆಯಲ್ಲಿ. ಎದ್ದು ನೋಡಿದರೆ ಎದುರಿಗೆ ಒಬ್ಬ ಗೊಂಬೆ ಸೂಪರ್‌ವೈಸರು, ಕೈಯಲ್ಲಿ ರಟ್ಟು, ಪೆನ್ನು ಹಿಡಿದು ನಿಂತಿದ್ದಾನೆ. ಥೇಟ್ ಸೋಮಶೇಖರ್ ಸಾರ್ ನಿಲುವು, ಹೊಟ್ಟೆಯೊಂದು ಕಡಿಮೆ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಮೂಗಿನಲ್ಲಿ ಉಸಿರೆಳೆದೆ. ‘ನೋಡಪ್ಪಾ, ಸೇಫ್ಟಿ ಅನ್ನೋದು ತಲೇಲಿ ಇರ್ಬೇಕು, ಹೆಲ್ಮೆಟ್‌ನಲ್ಲಿ ಅಲ್ಲ. ಅರ್ಥ ಆಯ್ತಾ, ಅರ್ಥ ಆಗ್ಲಿಲ್ವಾ...’

ಹೊಸ ಕನ್ನಡಕ ನೋಡಲು ರೂಮಿಗೆ ಬಂದಿದ್ದ ನಾಲ್ಕೈದು ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ನಿಂತಿತು. ನಕ್ಕು ನಕ್ಕು ಸುಸ್ತಾಗಿರಬೇಕೆಂದು ನಾನು ಇನ್ನಷ್ಟು ಜೋರು ಮಾಡಿದೆ. ಪ್ಯಾಂಟು ಎಳೆದುಕೊಂಡೆ. ‘ಒನ್ಸ್ ಮೋರ್’ ಎಂದು ಯಾರೋ ಅಂದರು. ಮತ್ತೆ ಎಳೆದುಕೊಂಡೆ. ಕೊನೆಗೆ ಹೆಗಲ ಮೇಲೆ ಒಂದು ಕೈ ಬಿತ್ತು. ಒನ್ಸ್ ಮೋರ್ ಅಂದದ್ದು ಸಾರ್ ಅವರೇ.

‘ಚೆನ್ನಾಗಿದೆಯಪ್ಪಾ’ ಎಂದರು. ‘ಆದ್ರೆ ನಾನು ಪೆನ್ನು ಒತ್ತೋದು ಬಲಗೈಲಿ. ನೀನು ಎಡಗೈಲಿ ಒತ್ತಿದೆ. ಶುಕ್ರವಾರ ಟೆಸ್ಟ್ ಇದೆ, ಆ ಕೈ ಸ್ಟೀರಿಂಗ್ ಮೇಲಿರ್ಲಿ. ಅರ್ಥ ಆಯ್ತಾ, ಅರ್ಥ ಆಗ್ಲಿಲ್ವಾ?’

‘ಎರಡ್ರಲ್ಲಿ ಒಂದು ಹೇಳ್ತೀನಿ ಸಾರ್’ ಎಂದೆ. ಭಯದಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ಆಮೇಲೆ ಜಯಕ್ಕನ ಸರದಿ. ಹಾಕಿಕೊಳ್ಳುವುದಕ್ಕೇ ಹತ್ತು ನಿಮಿಷ. ತುರುಬು ಪಟ್ಟಿಗೆ ಅಡ್ಡ ಬಂತು, ತುರುಬು ಬಿಚ್ಚಿದಳು. ಮುಡಿದ ಕನಕಾಂಬರವನ್ನು ನನ್ನ ಅಂಗೈಗೆ ಹಾಕಿ ‘ನಲುಗಿಸ್ಬೇಡ’ ಎಂದಳು. ಹಣೆಯ ಕುಂಕುಮ ಡಬ್ಬಿಯ ಸ್ಪಂಜಿಗೆ ಹತ್ತಿ, ಸಾರ್ ಅದನ್ನು ಬಟ್ಟೆಯಿಂದ ಒರೆಸಿ ಒರೆಸಿ, ಕೊನೆಗೆ ‘ಇರ್ಲಿ ಬಿಡಮ್ಮಾ, ಹೊಸ ಸಾಮಾನು, ಪೂಜೆ ಆದಂಗಾಯ್ತು’ ಎಂದರು. ಮೇಜಿಗೆ ಬಿಗಿದ ಒಂದು ಸ್ಟೀರಿಂಗು, ಕೆಳಗೆ ಎರಡು ಪೆಡಲು, ಕೂರಲು ಆಫೀಸಿನ ಗಾಲಿಕುರ್ಚಿ. ಬ್ರೇಕ್ ಒತ್ತಿದರೆ ಒಳಗಿನ ಗಾಡಿ ನಿಲ್ಲುತ್ತದೆ, ಹೊರಗಿನ ಕುರ್ಚಿ ಹಿಂದಕ್ಕೆ ಓಡುತ್ತದೆ. ಹಾಗಾಗಿ ಗಾಲಿಗಳ ಹಿಂದೆ ಎರಡು ಇಟ್ಟಿಗೆ ಇಟ್ಟಿದ್ದರು. ಜಯಕ್ಕ ಕೂತು, ಸ್ಟೀರಿಂಗು ಮುಟ್ಟಿ, ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಳ್ಳಲು ಹೋದಳು. ಬೆರಳು ಡಬ್ಬಿಗೆ ಬಡಿದು ಟಕ್ ಎಂದಿತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಟಕ್.

‘ಜಯಕ್ಕಾ, ನಿಂಬೆಹಣ್ಣು ಎಲ್ಲಿಡಣ? ಕಂಪ್ಯೂಟ್ರು ಕೆಳಗಾ?’ ಎಂದೆ.

‘ನಿನ್ನ ಬಾಯಲ್ಲಿಡು, ಊರಿಗೆ ಉಪಕಾರ’ ಎಂದಳು.

ಗಾಡಿ ಹೊರಟಿತು. ಅವಳಿಗೆ ಕಾಣುವುದೆಲ್ಲ ನಮಗೆ ಗೋಡೆಯ ಟಿವಿಯಲ್ಲಿ ಕಾಣುತ್ತಿತ್ತು. ಹಳೆಯ ಡಬ್ಬಿಯಲ್ಲಿ ಕಪಾಟು ಗುದ್ದಿದ್ದ ಅದೇ ಹೆಂಗಸು, ಸಾಲಿನಿಂದ ಸಾಲಿಗೆ ಬೆಣ್ಣೆಯೊಳಗೆ ಚಾಕು ಹೋದಂತೆ ಹೋದಳು. ‘ಈಗ ಕಣ್ಣಿಗೆ ಜಾಗ ಸಿಕ್ತು ಸಾರ್’ ಎಂದಳು. ನನಗೆ ಆ ಕ್ಷಣ ಏನೋ ಅರ್ಥವಾಯಿತು. ಜಯಕ್ಕ ದಿನಾ ಬೆಳಿಗ್ಗೆ ವ್ಯಾನ್ ಬರುವುದರೊಳಗೆ ಹೊಲದಿಂದ ಹಸುಗಳಿಗೆ ಹುಲ್ಲಿನ ಹೊರೆ ಹೊತ್ತು ತರುತ್ತಾಳೆ. ತಲೆಯ ಮೇಲೆ ಆಳೆತ್ತರದ ಹೊರೆ ಇದ್ದವರು ಕತ್ತು ತಿರುಗಿಸುವಂತಿಲ್ಲ, ತಿರುಗಿಸಿದರೆ ಹೊರೆ ರಸ್ತೆಗೆ, ರಸ್ತೆಯವರು ನಗೆಗೆ. ಹಾಗಾಗಿ ಕತ್ತು ಕಲ್ಲಿನ ಕಂಬ, ತಿರುಗುವುದು ಕಣ್ಣು ಮಾತ್ರ. ಬರುವ ಲಾರಿ, ಓಡುವ ನಾಯಿ, ಎದುರುಮನೆಯವಳ ಹೊಸ ಸೀರೆಯ ಅಂಚು, ಎಲ್ಲ ಕಣ್ಣಂಚಿನಲ್ಲೇ ಜಮಾ. ನಾನು ಗೋಡೌನಿನಲ್ಲಿ ಎಷ್ಟೋ ಸಲ ಅವಳ ಬೆನ್ನ ಹಿಂದೆ ಓರೆಯಲ್ಲಿ ನಿಂತು ಗಾಡಿ ರಿವರ್ಸ್ ಬರುವ ಪೀಂ ಪೀಂ ಸದ್ದು ಮಾಡಿದ್ದೇನೆ. ಬೇರೆಯವರೆಲ್ಲ ಹಾರಿ ಪಕ್ಕಕ್ಕೆ ಸರಿಯುತ್ತಾರೆ. ಅವಳು ಟೇಪು ಅಂಟಿಸುತ್ತಲೇ ‘ಮೂಗು ಒರೆಸ್ಕೊಳಲಾ ಗಾಡಿ’ ಎನ್ನುತ್ತಿದ್ದಳು.

ಇಲ್ಲಿ ನನ್ನ ಎರಡನೆಯ ತಪ್ಪೊಪ್ಪಿಗೆ. ಮೊದಲನೆಯದನ್ನು ನಕ್ಕು ಹೇಳಿದೆ, ಇದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತೇನೆ. ಗುರುವಾರ ಸಾರ್ ಅವರ ಕಂಪ್ಯೂಟರಿನ ವಯರು ಜೋಡಿಸಿಕೊಡಲು ಹೋದಾಗ ಪರದೆಯ ಮೇಲೆ ಅಂಕಗಳ ಪಟ್ಟಿ ತೆರೆದಿತ್ತು. ನಾಲ್ಕು ವಿಷಯಕ್ಕೆ ಇಪ್ಪತ್ತೈದಿಪ್ಪತ್ತೈದು ಅಂಕ: ಗುದ್ದದೆ ಓಡಿಸುವುದು, ಸರಕು ಎತ್ತಿ ಇಡುವುದು, ವೇಗ, ಸುತ್ತ ನೋಡುವುದು. ಸುತ್ತ ನೋಡಿದರೋ ಇಲ್ಲವೋ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ‘ತಲೆ ಎಷ್ಟು ತಿರುಗ್ತು ಅಂತ ಲೆಕ್ಕ ಹಾಕುತ್ತಪ್ಪಾ. ಹಳೇ ಹೆಡ್‌ಸೆಟ್‌ಗೆ ಬರೆದಿದ್ದ ಪ್ರೋಗ್ರಾಮು, ಅದನ್ನೇ ಹಾಕಿದ್ದಾರೆ’ ಎಂದರು ಸಾರ್, ಬೇರೇನೋ ಯೋಚಿಸುತ್ತಾ. ಅಂದರೆ ಅದು ಎಣಿಸುವುದು ಕತ್ತನ್ನು, ಕಣ್ಣನ್ನಲ್ಲ. ನನಗೆ ಥಟ್ಟನೆ ಜಯಕ್ಕನ ಕಲ್ಲುಕಂಬ ನೆನಪಾಯಿತು. ಹೊರಗೆ ಬಂದಾಗ ಅವಳು ಎದುರಿಗೇ ಸಿಕ್ಕಳು. ‘ಏನಂತೆ ಟೆಸ್ಟು?’ ಎಂದಳು. ‘ಏನಿಲ್ಲ ಕಣಕ್ಕಾ, ನೋಡ್ಕೊಂಡು ಓಡ್ಸದಂತೆ’ ಎಂದೆ. ಸುಳ್ಳು ಹೇಳಲಿಲ್ಲವಲ್ಲ ಎಂದು ಸಂಜೆಯವರೆಗೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೈ ಅಷ್ಟಾಗಿ ಎಟುಕಲಿಲ್ಲ.

ಶುಕ್ರವಾರ ನಾನು ಮೊದಲು. ಕೂತವನೇ ಕತ್ತು ಶುರು ಮಾಡಿದೆ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ, ಮದುವೆಮನೆಯ ಟೇಬಲ್ ಫ್ಯಾನು. ಅಗಲವಾಗಿ ಕಾಣುವ ಕನ್ನಡಕದೊಳಗೆ ಕತ್ತನ್ನೂ ಅಷ್ಟು ಬೀಸಿದರೆ ಲೋಕ ಒಂದು ಕಡೆ ನಿಲ್ಲುವುದಿಲ್ಲ, ಕಪಾಟುಗಳೆಲ್ಲ ಒಂದಕ್ಕೊಂದು ಕೈ ಹಿಡಿದು ಸುತ್ತತೊಡಗಿದವು. ಅಂಥ ಮಜಾ ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ವೂ ಎಂದು ಕೂಗಿಕೊಂಡೇ ಓಡಿಸಿದೆ. ಒಂದು ಕಪಾಟಿನ ಮೂಲೆ ಬಂದು ನನಗೆ ಗುದ್ದಿತು. (ನಾನು ಗುದ್ದಿದೆ ಎಂಬುದು ಕಂಪ್ಯೂಟರಿನ ಅಭಿಪ್ರಾಯ.) ಇಳಿಯುವಷ್ಟರಲ್ಲಿ ವಯರು ಕೊರಳಿಗೆ ಎರಡು ಸುತ್ತು ಬಿದ್ದಿತ್ತು. ಬಿಡಿಸಿದವಳು ಜಯಕ್ಕನೇ.

ಆಮೇಲೆ ಅವಳು ಕೂತಳು. ಟಕ್, ಟಕ್. ಹೊರಟಳು. ಎಲ್ಲೂ ತಾಗಿಸಲಿಲ್ಲ. ಎತ್ತಿದ ಸರಕನ್ನು ಮೇಲಿನ ಹಲಗೆಯ ಮೇಲೆ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ, ಸದ್ದಿಲ್ಲದೆ ಇಟ್ಟಳು. ನಡುವೆ ಒಮ್ಮೆ ಜೋರಾಗಿ ಸೀನಿದಳು, ಅಷ್ಟೇ. ಕತ್ತು ಒಂದು ಕೂದಲಷ್ಟೂ ಅಲ್ಲಾಡಲಿಲ್ಲ. ನಾನು ಅವಳ ಕೈಯನ್ನೂ ನೋಡಲಿಲ್ಲ, ಗಾಡಿಯನ್ನೂ ನೋಡಲಿಲ್ಲ. ಕತ್ತನ್ನೇ ನೋಡುತ್ತಾ ಕೂತಿದ್ದೆ.

ಸಾರ್ ಪಟ್ಟಿ ಓದಿದರು. ನನಗೆ ಎಂಬತ್ತೊಂದು. ಜಯಕ್ಕನಿಗೆ ಎಪ್ಪತ್ತೇಳು. ಬೇರೆ ಮೂರರಲ್ಲೂ ಅವಳಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಸುತ್ತ ನೋಡಿದ್ದಕ್ಕೆ ಎರಡು. ಆ ಎರಡು ಸೀನಿದ್ದಕ್ಕೆ ಬಂದಿರಬೇಕು.

ಗೆದ್ದ ಖುಷಿಯಲ್ಲಿ ನಾನು ಮಾಡಬಾರದ್ದೊಂದನ್ನು ಮಾಡಿದೆ. ಎದ್ದು ನಿಂತು, ಕತ್ತು ಬಿಗಿ ಹಿಡಿದು, ತಲೆಯ ಮೇಲೆ ಹೊರೆ ಇದ್ದವರಂತೆ ಸೊಂಟ ಮಾತ್ರ ಆಡಿಸುತ್ತಾ ಜಯಕ್ಕನ ಹಾಗೆ ರೂಮಿನ ಈ ತುದಿಯಿಂದ ಆ ತುದಿಗೆ ನಡೆದೆ. ಹೋಲಿಕೆ ಅದ್ಭುತವಾಗಿತ್ತು. ಯಾರೂ ನಗಲಿಲ್ಲ. ಈ ಸಲ ಕಣ್ಣಿಗೆ ಏನೂ ಕಟ್ಟಿರಲಿಲ್ಲವಾದ್ದರಿಂದ ಅದು ನನಗೆ ಕಂಡಿತು. ಜಯಕ್ಕ ಕುರ್ಚಿಯಲ್ಲೇ ಕೂತು ಎರಡೂ ಕೈಯಿಂದ ಮಂಡಿ ಒತ್ತಿಕೊಳ್ಳುತ್ತಿದ್ದಳು. ಪ್ಯಾಕಿಂಗ್ ಮೇಜಿಗೆ ಹೋಗಲು ಇನ್ನು ಏಳಬೇಕಲ್ಲ ಎಂಬಂತೆ ಅದರ ಕಡೆಯ ಬಾಗಿಲನ್ನು ನೋಡಿದಳು. ಏಳಲಿಲ್ಲ.

‘ಸಾರ್, ಅದು ರೆಕಾರ್ಡ್ ಆಗಿರ್ತದಲ್ವಾ? ಇನ್ನೊಂದ್ಸಲ ಹಾಕಿ’ ಎಂದಳು. ‘ಟಿವಿ ನೀವು ನೋಡಿ, ನಾನು ನೋಡಲ್ಲ. ಎಲ್ಲಾದ್ರೂ ನಿಲ್ಸಿ ಕೇಳಿ, ಪಕ್ಕದಲ್ಲಿ ಏನಿತ್ತು ಅಂತ ನಾನು ಹೇಳ್ತೀನಿ.’

ಹೇಳಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಸಾರ್ ಪೆನ್ನು ಎರಡು ಸಲ ಟಿಕ್ ಟಿಕ್ ಒತ್ತಿ, ರೆಕಾರ್ಡಿಂಗ್ ಹಾಕಿ, ಮೂರನೇ ತಿರುವಿನಲ್ಲಿ ನಿಲ್ಲಿಸಿದರು. ‘ಇಲ್ಲಿ. ಎಡಗಡೆ?’

‘ಹಳದಿ ಕೋಟಿನವನೊಬ್ಬ ಸಾರ್. ಫೋನ್ ನೋಡ್ತಾ ಬರ್ತಿದ್ದ. ಬೂಟಿನ ದಾರ ಬಿಚ್ಚೋಗಿತ್ತು. ಅದಕ್ಕೇ ನಿಂತೆ.’

ಸಾರ್ ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. ದಾರ ಬಿಚ್ಚಿತ್ತು.

‘ಬಲಗಡೆ?’

‘ನೀಲಿ ಡ್ರಮ್ಮು ಮೂರು. ನಡುವಿನದ್ರ ಮುಚ್ಚಳ ಓರೆ ಕೂತಿತ್ತು. ಕೆಳಗೆ ಒದ್ದೆ ಆಗಿತ್ತು ಸಾರ್, ಚಕ್ರ ಅಲ್ಲಿಗೆ ತರ್ಲಿಲ್ಲ.’

ಅದೂ ಇತ್ತು. ಇನ್ನೂ ಎರಡು ಕಡೆ ನಿಲ್ಲಿಸಿದರು. ಮೇಲಿನ ಹಲಗೆಯಲ್ಲಿ ಅಂಚಿಗೆ ಬಂದಿದ್ದ ಡಬ್ಬ, ಕಂಬದ ಹಿಂದೆ ಯಾರದ್ದೋ ಅರ್ಧ ಭುಜ, ಒಂದೂ ತಪ್ಪಲಿಲ್ಲ. ನಾನು ಅವಳ ಬೆನ್ನನ್ನು ನೋಡುತ್ತಾ, ನನ್ನ ಎಂಬತ್ತೊಂದನ್ನು ಯಾರಾದರೂ ವಾಪಸ್ ತೆಗೆದುಕೊಳ್ಳುತ್ತಾರೇನೋ ಎಂದು ಜೇಬಿನಲ್ಲಿಟ್ಟುಕೊಂಡವನಂತೆ ನಿಂತಿದ್ದೆ. ಸಾರ್ ನನ್ನ ಕಡೆ ತಿರುಗಿದರು. ನನ್ನ ರೆಕಾರ್ಡಿಂಗನ್ನು ಅದೇ ಮೂರನೇ ತಿರುವಿನಲ್ಲಿ ನಿಲ್ಲಿಸಿ, ನನ್ನನ್ನೂ ಗೋಡೆಯ ಕಡೆ ತಿರುಗಿಸಿದರು.

‘ಇಲ್ಲಿ ನೀನು ನಾಲ್ಕು ಸಲ ಕತ್ತು ತಿರುಗ್ಸಿದೀಯ. ಏನಿತ್ತಪ್ಪಾ ಪಕ್ಕದಲ್ಲಿ?’

ತಲೆಯೊಳಗೆ ಹುಡುಕಿದೆ. ಕಪಾಟುಗಳು ಕೈ ಹಿಡಿದು ಸುತ್ತುತ್ತಿದ್ದದ್ದು ಬಿಟ್ಟರೆ ಏನೂ ಸಿಗಲಿಲ್ಲ. ‘ಗೋಡೌನಿತ್ತು ಸಾರ್’ ಎಂದೆ.

‘ಮತ್ತೆ ಯಾಕೆ ಅಷ್ಟೊಂದು ತಿರುಗ್ಸಿದೆ?’

ಗೋಡೆಗೆ ಮುಖ ಮಾಡಿ ಸುಳ್ಳು ಹೇಳುವುದು ಸುಲಭ ಎಂದುಕೊಂಡಿದ್ದೆ. ಹಾಗೇನಿಲ್ಲ. ‘ಅದು ಕತ್ತು ಲೆಕ್ಕ ಹಾಕುತ್ತೆ ಅಂತ ನಿನ್ನೆ ನಿಮ್ಮ ಹತ್ರಾನೇ ಕೇಳ್ಕೊಂಡಿದ್ದೆ ಸಾರ್. ಜಯಕ್ಕಂಗೆ ಹೇಳ್ಲಿಲ್ಲ.’ ನನ್ನ ಸ್ವಂತ ದನಿ ನನಗೆ ಅಪರೂಪ. ಅದು ಇಷ್ಟು ಸಣ್ಣಗಿದೆ ಎಂದು ಗೊತ್ತಿರಲಿಲ್ಲ.

ಸಾರ್ ಮೂಗಿನಲ್ಲಿ ಉಸಿರೆಳೆದರು. ಅವರ ಕಷ್ಟವೂ ಕಷ್ಟವೇ. ಪಟ್ಟಿ ಮೇಲಿನವರಿಗೆ ಹೋಗಬೇಕು, ಪಟ್ಟಿಯಲ್ಲಿ ಅವಳ ಎರಡು ಅಂಕ ಎರಡಾಗಿಯೇ ಇರುತ್ತದೆ. ‘ನೀನು ನೋಡಿದ್ದು ನಿಜ ಜಯಮ್ಮಾ, ಒಪ್ತೀನಿ’ ಎಂದರು. ‘ಆದ್ರೆ ರೂಲ್ಸಿಗೂ ಒಂದು ಕಾರಣ ಇರುತ್ತೆ. ನಿಜವಾದ ಗಾಡೀಲಿ ಹಿಂದಕ್ಕೆ ಬರೋವಾಗ ಕಣ್ಣಂಚು ಸಾಕಾಗಲ್ಲ, ಕತ್ತು ತಿರುಗಿಸ್ಲೇಬೇಕು. ಅದು ನಿನಗೆ ಬರಲ್ಲ, ಇವನಿಗೆ ಬರುತ್ತೆ. ನಾನೇನು ಮಾಡ್ಲಿ ಹೇಳು?’

ಜಯಕ್ಕ ಕುರ್ಚಿಯನ್ನು ಮೆಲ್ಲಗೆ ಈ ಕಡೆಗೆ ತಿರುಗಿಸಿದಳು. ಆಗ ಒಂದು ಮಾತು ಹೇಳಿದಳು. ಅದನ್ನು ಕೇಳಿ ಸಾರ್ ಪೆನ್ನನ್ನು ಒಂದೇ ಸಲ ಒತ್ತಿ, ಪಟ್ಟಿಯ ಕೆಳಗೆ ಒಂದು ಹೆಸರು ಬರೆದು ಸಹಿ ಹಾಕಿದರು. ಸೋಮವಾರದಿಂದ ಆ ಸೀಟಿನ ಮೇಲೆ ಯಾರು ಕೂತಿದ್ದಾರೆ, ಕೈಗಾಡಿ ಯಾರು ಎಳೆಯುತ್ತಿದ್ದಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಿಕ್ಕವರ ದನಿಯನ್ನೆಲ್ಲ ತಿರುಚಿ ಹೇಳುವ ನಾನು ಆ ಮಾತನ್ನು ಮಾತ್ರ ಒಂದಕ್ಷರವೂ ಬದಲಿಸದೆ ಬರೆಯುತ್ತಿದ್ದೇನೆ:

‘ಸಾರ್, ಕತ್ತು ತಿರುಗ್ಸೋದು ಇವತ್ತು ಸಾಯಂಕಾಲದೊಳಗೆ ನಾನು ಕಲ್ತ್ಕೋತೀನಿ. ನೋಡೋದನ್ನ ಇವನಿಗೆ ಎಷ್ಟು ದಿನದಲ್ಲಿ ಕಲಿಸ್ತೀರ, ಅದು ಹೇಳಿ.’